ಪಟೇಲರ ಮನೆ ಖಾರ

ಎಲೆಕ್ಟ್ರಾನಿಕ್ ವಾಣಿಜ್ಯ ಅನ್ನುವ ವಿಷಯವನ್ನು ನಾನು ಕಲಿತದ್ದು ಫೋನು ಮುಟ್ಟಬಾರದು ಅನ್ನುವ ಕಾಲೇಜಿನಲ್ಲಿ. ಮದ್ದೂರಿನ ಆ ಕಾಲೇಜಿನ ಆಫೀಸಿನ ಮುಂದೆ ಒಂದು ಮರದ ಪೆಟ್ಟಿಗೆ ಇಟ್ಟಿದ್ದರು. ಬೆಳಿಗ್ಗೆ ಬಂದವರು ಫೋನನ್ನು ಅದರೊಳಗೆ ಹಾಕಿ, ಸಂಜೆ ಹೋಗುವಾಗ ನಮ್ಮದು ಯಾವುದು ಅಂತ ಹುಡುಕಿ ತೆಗೆದುಕೊಳ್ಳಬೇಕು. ಹುಡುಗಿಯರು ಫೋನು ಹಿಡಿದರೆ ಕೆಡುತ್ತಾರೆ ಅನ್ನುವುದು ಪ್ರಾಂಶುಪಾಲರ ಗಟ್ಟಿ ನಂಬಿಕೆ. ಹುಡುಗರು ಆಗಲೇ ಕೆಟ್ಟಿದ್ದರಿಂದ ಅವರ ಫೋನನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಕಂಪ್ಯೂಟರ್ ಲ್ಯಾಬು ಅಂತ ಒಂದು ಕೋಣೆಯೇನೋ ಇತ್ತು. ಅದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ಪತ್ತೆ ಹಚ್ಚುವಷ್ಟರಲ್ಲಿ ಪಿರಿಯಡ್ಡು ಮುಗಿದು ಹೋಗುತ್ತಿತ್ತು.

ಹೀಗಾಗಿ ಬಿ.ಕಾಂ. ಎರಡನೇ ವರ್ಷದ ನಮಗೆ ಇ-ಕಾಮರ್ಸಿನ ಪರಿಚಯ ಆದದ್ದು ಕಪ್ಪು ಹಲಗೆಯ ಮೇಲೆ. ಪಾಠ ಮಾಡುತ್ತಿದ್ದವರು ಮಂಡ್ಯದಿಂದ ಬೆಳಗಿನ ರೈಲಿಗೆ ಬರುತ್ತಿದ್ದ ಅತಿಥಿ ಉಪನ್ಯಾಸಕರು. ಮನುಷ್ಯ ಒಳ್ಳೆಯವರೇ. ಮೊದಲ ದಿನ ಸೀಮೆಸುಣ್ಣದಲ್ಲಿ ಒಂದು ತಳ್ಳುಗಾಡಿ ಬರೆದು ‘ಇದು ಶಾಪಿಂಗ್ ಕಾರ್ಟ್’ ಅಂದರು. ಹಿಂದಿನ ಬೆಂಚಿನವನೊಬ್ಬ ‘ಸೊಪ್ಪಿನ ಗಾಡಿ ಇದ್ದಂಗದೆ ಸಾರ್’ ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು, ಅವರೂ ನಕ್ಕರು. ಆಮೇಲೆ ಹಲಗೆಯ ಇನ್ನೊಂದು ಮಗ್ಗುಲಿಗೆ ಹೋಗಿ ‘ಅನುಕೂಲಗಳು’ ಅಂತ ಬರೆದು, ನಮ್ಮ ಕಡೆ ತಿರುಗಿ ಹೇಳಿದರು: ‘ಇಲ್ಲಿ ಮಾರುವವರ ಮುಖವನ್ನು ಕೊಳ್ಳುವವರು ನೋಡಬೇಕಾಗಿಲ್ಲ. ಅವರು ಯಾರು, ಎಲ್ಲಿಯವರು ಅನ್ನುವುದು ಲೆಕ್ಕಕ್ಕೆ ಬರೋದಿಲ್ಲ. ಸರಕು ಚೆನ್ನಾಗಿದೆಯಾ? ಅಷ್ಟೇ.’

ಉಳಿದವರು ಆಕಳಿಸುತ್ತಾ ಬರೆದುಕೊಂಡರು. ನಾನು ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತುಬಿಟ್ಟೆ. ಆ ಮಾತನ್ನು ಅವರು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದಂತೆ ಅನ್ನಿಸಿತು. ನಂಬಿಬಿಟ್ಟೆ. ಪುಸ್ತಕದಲ್ಲಿ ಇರುವುದೆಲ್ಲ ನಮ್ಮೂರಿಗೂ ಅನ್ವಯಿಸುತ್ತದೆ ಅಂತ ನಂಬುವ ವಯಸ್ಸು ಅದು. ಮತ್ತೆ ನನಗೆ ನಂಬಬೇಕಾದ ಕಾರಣವೂ ಇತ್ತು. ಆ ಕಾರಣ ನಮ್ಮವ್ವ.

ನಾವು ದಲಿತರು. ಮಳವಳ್ಳಿ ತಾಲೂಕಿನ ನಮ್ಮೂರಿನಲ್ಲಿ ಊರು ಕೆರೆಯ ಆಚೆ, ನಮ್ಮ ಬೀದಿ ಈಚೆ. ಅಪ್ಪ ಕರೆಂಟಿನ ಇಲಾಖೆಯಲ್ಲಿ ಲೈನ್‌ಮ್ಯಾನು. ನಾನು ಹುಟ್ಟುವ ಮೊದಲೇ ಗೋಡೆಯ ಮೇಲಿದ್ದ ದೇವರ ಪಟಗಳನ್ನು ಇಳಿಸಿ ಬುದ್ಧನ ಪಟ ಹಾಕಿದ್ದವನು. ಗಾಳಿ ಮಳೆಗೆ ತಂತಿ ಕಡಿದುಬಿದ್ದರೆ ಊರಿನವರೆಲ್ಲ ‘ಬಾರಣ್ಣ, ಬಾರಣ್ಣ’ ಅಂತ ಅವನನ್ನು ಕರೆಯುತ್ತಿದ್ದರು. ಕಂಬದ ಮೇಲೆ ಇರುವಷ್ಟು ಹೊತ್ತೂ ಅವನು ಎಲ್ಲರಿಗೂ ಅಣ್ಣ. ಕೆಳಗಿಳಿದು ನೀರು ಕೇಳಿದರೆ ಮಾತ್ರ ಬಿಸಾಡುವ ಲೋಟ ಎಲ್ಲಿದೆ ಅಂತ ಹುಡುಕಾಟ ಶುರುವಾಗುತ್ತಿತ್ತು. ಅಪ್ಪ ನೀರು ಕೇಳುವುದನ್ನೇ ಬಿಟ್ಟಿದ್ದ.

ಅವ್ವನದು ಬೇರೆ ಥರ. ಅವಳಿಗೆ ಅಡುಗೆ ಮಾಡುವುದು ಅಂದರೆ ಪ್ರಾಣ, ಮಾಡಿದ್ದನ್ನು ನಾಲ್ಕು ಜನ ತಿಂದು ಚೆನ್ನಾಗಿದೆ ಅನ್ನಬೇಕು ಅನ್ನುವುದು ಅದಕ್ಕಿಂತ ದೊಡ್ಡ ಆಸೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಊರಿನ ಶಾಲೆಯ ಬಿಸಿಯೂಟಕ್ಕೆ ಅವಳನ್ನು ಅಡುಗೆಯವಳಾಗಿ ತೆಗೆದುಕೊಂಡರು. ಮೊದಲ ದಿನ ಅವಳು ಮಾಡಿದ ಹುರುಳಿಕಾಳಿನ ಸಾರಿನ ವಾಸನೆ ನಮ್ಮ ಕ್ಲಾಸಿಗೆ ಬಂದಾಗ ನನಗೆ ಎದ್ದು ನಿಂತು ‘ನಮ್ಮವ್ವಂದು’ ಅಂತ ಕೂಗಬೇಕು ಅನ್ನಿಸಿತ್ತು. ಮಾರನೇ ದಿನ ಊರಿನ ಕೆಲವು ಮಕ್ಕಳು ಮನೆಯಿಂದ ಡಬ್ಬಿ ತಂದರು. ವಾರ ಕಳೆಯುವಷ್ಟರಲ್ಲಿ ಕೆರೆಯ ಆಚೆಯ ಮಕ್ಕಳೆಲ್ಲ ಡಬ್ಬಿಯವರೇ. ನಮ್ಮ ಬೀದಿಯ ಮಕ್ಕಳಿಗೆ ಸಾರು ಎಷ್ಟು ಬೇಕೋ ಅಷ್ಟು. ಅಷ್ಟು ಸಾರನ್ನು ನಾನು ಜನ್ಮದಲ್ಲಿ ಯಾವತ್ತೂ ತಿಂದಿರಲಿಲ್ಲ, ಅಷ್ಟು ಸಂಕಟದಲ್ಲೂ ತಿಂದಿರಲಿಲ್ಲ.

ಶಾಲೆಯ ಸಮಿತಿಯಲ್ಲಿ ಊರಿನ ಒಬ್ಬ ಹೆಂಗಸು ಇದ್ದರು. ಜಮೀನಿರುವ ಮನೆಯವರು, ಮಾತು ಮೃದು. ಅವ್ವ ಅವರನ್ನು ಸಮಿತಿಯಮ್ಮ ಅನ್ನುತ್ತಿದ್ದಳು. ಅವರು ಅಡುಗೆಕೋಣೆಯ ಬಾಗಿಲ ಹೊರಗೆ ನಿಂತು, ‘ನಿನ್ ಮ್ಯಾಲೆ ಏನೂ ಇಲ್ಲ ಕಣವ್ವ. ಮಕ್ಳು ತಿನ್ನಕಿಲ್ಲ ಅಂತವೆ, ಏನ್ ಮಾಡದು? ನೀನು ಪಾತ್ರೆ ತೊಳ್ಕೊಂಡಿರು, ಸಂಬ್ಳ ಅಷ್ಟೇ ಬತ್ತದೆ’ ಅಂದರು. ಬೈಯಲಿಲ್ಲ, ಜರಿಯಲಿಲ್ಲ. ಬೈದಿದ್ದರೆ ಅಪ್ಪ ಯಾರಿಗಾದರೂ ದೂರು ಕೊಡುತ್ತಿದ್ದನೋ ಏನೋ. ಅವ್ವ ಆ ವರ್ಷ ಮುಗಿಯುವವರೆಗೂ ಇನ್ನೊಬ್ಬಳು ಅಡುಗೆ ಮಾಡಿದ ಪಾತ್ರೆಗಳನ್ನು ತೊಳೆದು, ಆಮೇಲೆ ಬಿಟ್ಟಳು. ಅಲ್ಲಿಂದ ಮುಂದೆ ನಮ್ಮ ಬೀದಿಯ ಹೊರಗಿನ ಯಾರೂ ಅವಳ ಕೈ ಅಡುಗೆ ತಿಂದದ್ದು ನಾನು ನೋಡಲಿಲ್ಲ.

ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಮಾತ್ರ ತಿಂದಳು. ಅವಳು ವೈದ್ಯನಾಥಪುರದ ಕಡೆಯವಳು, ಅವರ ಮನೆಗೆ ಊರಿನಲ್ಲಿ ಪಟೇಲರ ಮನೆ ಅಂತಲೇ ಹೆಸರು. ನನ್ನ ಡಬ್ಬಿಯಲ್ಲಿ ಮುದ್ದೆ, ಪಕ್ಕದಲ್ಲಿ ಅವ್ವನ ಉಪ್ಸಾರಿನ ಖಾರ ಇರುತ್ತಿತ್ತು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆ, ಉಪ್ಪು ಹಾಕಿ ಕಲ್ಲಿನ ಮೇಲೆ ಅರೆದದ್ದು. ನಮ್ಮ ಸೀಮೆಯಲ್ಲಿ ಅದು ಇಲ್ಲದ ಮನೆಯಿಲ್ಲ, ಆದರೆ ಅವ್ವನದು ಬೇರೆಯೇ. ಮೆಣಸಿನಕಾಯಿಯನ್ನು ಕೆಂಡದ ಮೇಲೆ ಸುಟ್ಟು, ಬೆಳ್ಳುಳ್ಳಿಯನ್ನು ಕೊನೆಗೆ ಸೇರಿಸಿ ಒಂದೇ ಸುತ್ತು ಅರೆಯುತ್ತಿದ್ದಳು. ಗೆಳತಿ ಕೇಳದೆ ಕೈ ಹಾಕಿ ನೆಕ್ಕಿ, ‘ಥೂ, ನಮ್ಮಮ್ಮ ಮಿಕ್ಸೀಲಿ ಮಾಡದು ತಿನ್ನಂಗೇ ಇಲ್ಲ ಕಣೆ’ ಅಂದಳು. ಎಲ್ಲರೆದುರು ತಿಂದಳು. ಅವಳ ಬಗ್ಗೆ ಮುಂದೆ ನಾನು ಏನು ಹೇಳಿದರೂ ಇದನ್ನೂ ಹೇಳಬೇಕು. ಅವಳು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮೇಷ್ಟ್ರು ಆ ಸೆಮಿಸ್ಟರಿಗೆ ಒಂದು ಪ್ರಾಜೆಕ್ಟು ಕೊಟ್ಟರು. ಇಬ್ಬಿಬ್ಬರು ಸೇರಿ ಒಂದು ಆನ್‌ಲೈನ್ ಅಂಗಡಿ ಮಾಡಬೇಕು. ಕಾಗದದ ಮೇಲೆ ಅಲ್ಲ, ನಿಜವಾಗಿ. ಪುಕ್ಕಟೆ ಸಿಗುವ ಒಂದು ಪುಟ, ಒಂದು ವಾಟ್ಸಾಪ್ ನಂಬರು, ಒಂದು ಸರಕು. ಅದಕ್ಕಾಗಿ ನಮಗೆ ಫೋನು ಇಟ್ಟುಕೊಳ್ಳಲು ಪ್ರಾಂಶುಪಾಲರಿಂದ ವಿಶೇಷ ಅನುಮತಿಯನ್ನೂ ಕೊಡಿಸಿದರು. ಕೆಲವರು ಬೆಲ್ಲ ಅಂದರು, ಕೆಲವರು ಹಳೇ ಪುಸ್ತಕ ಅಂದರು. ಗೆಳತಿ ನನ್ನ ಡಬ್ಬಿ ತೋರಿಸಿ, ‘ನಾವು ಇದನ್ನೇ ಮಾರದು’ ಅಂದಳು. ಮುಖ ಕಾಣದ ಅಂಗಡಿ, ಅವ್ವನ ಖಾರ. ಹಲಗೆಯ ಮೇಲಿನ ಮಾತು ನಮ್ಮ ಮನೆಗೇ ನಡೆದುಕೊಂಡು ಬಂದಿತ್ತು.

ಅವ್ವನಿಗೆ ಹೇಳಿದಾಗ ಅವಳು ಮೊದಲು ನಂಬಲಿಲ್ಲ. ‘ಯಾರು ತಿಂತಾರೆ?’ ಅಂದಳು. ‘ಬೆಂಗಳೂರೋರು, ಮೈಸೂರೋರು, ಯಾರ್ ಬೇಕಾದ್ರೂ’ ಅಂದೆ. ‘ಯಾರು ಮಾಡಿದ್ದು ಅಂತ ಕೇಳಕಿಲ್ವಾ?’ ‘ಕೇಳಲ್ಲ ಕಣವ್ವ, ಅದರಲ್ಲಿ ಹಂಗೆ ಕೇಳೋ ಪದ್ಧತಿ ಇಲ್ಲ.’ ಪಾಠ ಓದಿದವಳ ಗತ್ತಿನಲ್ಲಿ ಹೇಳಿದೆ. ಅವ್ವ ಅವತ್ತೇ ಮಳವಳ್ಳಿ ಸಂತೆಗೆ ಹೋಗಿ ಬ್ಯಾಡಗಿ ಮೆಣಸಿನಕಾಯಿ ಆರಿಸಿ ತಂದಳು.

ಪುಟಕ್ಕೆ ‘ಕೈಖಾರ’ ಅಂತ ಹೆಸರಿಟ್ಟೆವು. ಫೋಟೊ ಹಾಕಿದೆವು. ವಿಚಾರಣೆಗಳು ಬರತೊಡಗಿದವು. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಹೋಗಿ ನೆಲೆಸಿದವರೇ ಹೆಚ್ಚು. ಎಷ್ಟು ದಿನ ಇಡಬಹುದು, ಎಣ್ಣೆ ಹಾಕುತ್ತೀರಾ ಅಂತ ಒಂದೆರಡು ಪ್ರಶ್ನೆ. ಅದರ ಬೆನ್ನಿಗೇ, ತಪ್ಪದೆ, ಇನ್ನೊಂದು: ‘ಯಾವೂರು?’ ಊರು ಹೇಳಿದರೆ, ‘ಊರಲ್ಲಿ ಮನೆ ಯಾವ ಕಡೆ ಬತ್ತದೆ?’ ಇಲ್ಲವೇ, ‘ಯಾರ ಪೈಕಿ?’ ನಮ್ಮ ಕಡೆ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾತಿ ಯಾವುದು ಅಂತ ಯಾರೂ ಕೇಳುವುದಿಲ್ಲ, ಅದು ಅಸಭ್ಯ. ಮನೆ ಯಾವ ಕಡೆ ಅಂತ ಕೇಳುತ್ತಾರೆ, ಅದು ಬಾಂಧವ್ಯ. ನಾನು ‘ಕೆರೆಯ ಈಚೆ’ ಅಂತ ಬರೆದೆ. ಹಾಗೆ ಯಾರಿಗೆಲ್ಲ ಬರೆದೆನೋ ಅವರಿಂದ ಉತ್ತರ ಬರುವುದು ನಿಂತುಹೋಯಿತು. ಮೇಷ್ಟ್ರು ಇನ್ನೊಂದು ಕೆಲಸ ಹೇಳಿದ್ದರು, ಗ್ರಾಹಕರು ಪದೇಪದೇ ಕೇಳುವ ಪ್ರಶ್ನೆಗಳನ್ನು ಉತ್ತರದ ಸಮೇತ ಪುಟದಲ್ಲಿ ಹಾಕಿ ಅಂತ. ಗೆಳತಿ ಟೈಪು ಮಾಡಲು ಕೂತವಳು ಮೊದಲನೇ ಪ್ರಶ್ನೆ ಅಂತ ಇದನ್ನೇ ಬರೆದಳು, ‘ಮಾಡುವವರು ಯಾರ ಪೈಕಿ?’ ಕುಹಕವಿಲ್ಲದೆ, ಮುಗ್ಧವಾಗಿ ಬರೆದಳು. ಪದೇಪದೇ ಕೇಳುವ ಪ್ರಶ್ನೆ ಅದೇ ತಾನೇ?

ಉತ್ತರದ ಜಾಗಕ್ಕೆ ಬಂದಾಗ ಅವಳ ಕೈ ನಿಂತಿತು. ನನ್ನ ಮುಖ ನೋಡಿದಳು. ‘ಲೇ, ಉತ್ರ ಹೆಸರಲ್ಲೇ ಇಟ್ಟುಬುಟ್ರೆ ಯಾರೂ ಕೇಳಾಕೇ ಇಲ್ಲ’ ಅಂದಳು. ಪುಟದ ಮೇಲೆ ‘ಕೈಖಾರ’ ಅಳಿಸಿ ‘ಪಟೇಲರ ಮನೆ ಖಾರ’ ಅಂತ ಬರೆದಳು.

‘ಮಾಡೋದು ನಮ್ಮವ್ವ’ ಅಂದೆ.

‘ಯಾರ್ ಇಲ್ಲ ಅಂದ್ರು? ನಿಮ್ಮವ್ವಂದೇ. ಓಡ್ಬೇಕಲ್ಲ ಕಣೆ, ಮಾರ್ಕ್ಸ್ ಬೇಡ್ವಾ ನಿಂಗೆ?’

ಮೇಷ್ಟ್ರು ನೋಡಿ, ‘ಬಹಳ ಚೆನ್ನಾಗಿದೆ. ಹೆಸರು ಕೇಳಿದ ತಕ್ಷಣ ನಂಬಿಕೆ ಬರುತ್ತೆ’ ಅಂದರು. ಅವರಿಗೆ ಒಳಗಿನ ವಿಷಯ ಗೊತ್ತಿತ್ತೋ ಇಲ್ಲವೋ ಹೇಳಲಾರೆ. ನಾನು ಮನೆಗೆ ಬಂದು ಅವ್ವನ ಮುಂದೆ ಫೋನು ಎಸೆದು ಕಿರುಚಾಡಿದೆ, ಈ ಪ್ರಾಜೆಕ್ಟೇ ಬೇಡ ಅಂದೆ. ಅವ್ವ ಬೆಳ್ಳುಳ್ಳಿ ಬಿಡಿಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ. ‘ಡಬ್ಬಿ ಮ್ಯಾಲೆ ಏನಾರ ಬರಕೊಳ್ಳಿ ಬುಡು. ಡಬ್ಬಿ ವಳಗೆ ಇರದು ನಂದೇ ಅಲ್ವಾ? ನಿಮ್ಮಪ್ಪಂಗೆ ಮಾತ್ರ ಏಳ್ಬೇಡ’ ಅಂದಳು.

ಹೆಸರು ಬದಲಾದದ್ದೇ ತಡ, ಪ್ರಶ್ನೆಗಳು ನಿಂತವು. ಮನೆ ಯಾವ ಕಡೆ ಅಂತ ಒಬ್ಬರೂ ಕೇಳಲಿಲ್ಲ. ಕೇವಲ ಆರ್ಡರುಗಳು. ಅವ್ವ ಬೆಳಗಿನ ಕೆಲಸ ಮುಗಿಸಿ ಕಲ್ಲಿನ ಮುಂದೆ ಕೂತರೆ ಏಳುತ್ತಿರಲಿಲ್ಲ. ನಾನು ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸಿನಲ್ಲಿ ಮದ್ದೂರಿಗೆ ಒಯ್ದು ಅಂಚೆಗೆ ಹಾಕುತ್ತಿದ್ದೆ. ಬಸ್ಸಿನಲ್ಲಿ ಬೆಳ್ಳುಳ್ಳಿ ವಾಸನೆಗೆ ಜನ ತಿರುಗಿ ನೋಡುತ್ತಿದ್ದರು. ತಿಂದವರು ಬರೆಯುತ್ತಿದ್ದರು, ‘ಪಕ್ಕಾ ಪಟೇಲರ ಮನೆ ರುಚಿ’, ‘ಮನೆತನದ ಕೈ ಅಂದರೆ ಇದು’. ನಾನು ಹಲ್ಲು ಕಚ್ಚಿಕೊಂಡು ಓದುತ್ತಿದ್ದೆ. ಅವ್ವ ಕಣ್ಣು ಅಗಲಿಸಿಕೊಂಡು ಕೇಳುತ್ತಿದ್ದಳು. ಅವಳಿಗೆ ಪಟೇಲರೂ ಕೇಳಿಸುತ್ತಿರಲಿಲ್ಲ, ಮನೆತನವೂ ಕೇಳಿಸುತ್ತಿರಲಿಲ್ಲ. ರುಚಿ ಅನ್ನುವುದೊಂದೇ ಕೇಳಿಸುತ್ತಿತ್ತು.

ಒಂದು ದಿನ ಬಂದ ಆರ್ಡರಿನ ವಿಳಾಸ ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಮಿತಿಯಮ್ಮ. ನಮ್ಮದೇ ಊರು, ಕೆರೆಯ ಆಚೆ. ಅವರು ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು, ಅರೆಯಲು ಆಗುತ್ತಿರಲಿಲ್ಲ, ಬೆಂಗಳೂರಿನಲ್ಲಿದ್ದ ಮಗಳು ಫೋನಿನಲ್ಲೇ ಖಾರ ಹೇಳಿದ್ದಳು. ನಮ್ಮ ಮನೆಯ ಬಾಗಿಲಲ್ಲಿ ನಿಂತರೆ ಅವರ ಮನೆಯ ಹೆಂಚು ಕಾಣುತ್ತದೆ. ಆ ಡಬ್ಬಿ ನನ್ನ ಜೊತೆ ಮದ್ದೂರಿಗೆ ಹೋಗಿ, ಅಲ್ಲಿಂದ ಎಲ್ಲೆಲ್ಲೋ ಮುದ್ರೆ ಹಾಕಿಸಿಕೊಂಡು, ನಮ್ಮೂರಿಗೇ ವಾಪಸ್ಸು ಬಂದು ಕೆರೆ ಏರಿ ದಾಟಿತು. ನಾಲ್ಕು ದಿನ ಬಿಟ್ಟು ಅಂಗಡಿಯ ನಂಬರಿಗೆ ಅವರ ದನಿ ಬಂತು. ಬರೆಯಲು ಬಾರದ್ದಕ್ಕೆ ಮಾತಾಡಿ ಕಳಿಸಿದ್ದರು. ‘ಅವ್ವಾ, ಖಾರ ಬೋ ಪಸಂದಾಗದೆ ಕಣವ್ವ. ಒಂದ್ ಮುದ್ದೆ ಉಣ್ಣೋಳು ಎಲ್ಡ್ ಮುದ್ದೆ ಉಂಡೆ. ಇದು ನಮ್ಮೋರ್ ಕೈಯೇ, ಬ್ಯಾರೆಯೋರ್ಗೆ ಬರಕಿಲ್ಲ. ಇನ್ನೊಂದ್ ಡಬ್ಬಿ ಕಳ್ಸವ್ವ.’

ಅದನ್ನು ನಾನು ಅವ್ವನಿಗೆ ಕೇಳಿಸಬಾರದಿತ್ತು ಅಂತ ಆ ಕ್ಷಣ ಅನ್ನಿಸಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು. ‘ಇನ್ನೊಂದ್ಸಲ ಆಕು’ ಅಂದಳು. ಹಾಕಿದೆ. ‘ಎಲ್ಡ್ ಮುದ್ದೆ ಉಂಡ್ಲಂತೆ’ ಅಂತ ತನಗೆ ತಾನೇ ಹೇಳಿಕೊಂಡಳು. ‘ನಮ್ಮೋರ್ ಕೈ ಅಂತಾಳಲ್ಲವ್ವ, ನಾಚಿಕೆ ಆಗಲ್ವಾ ನಿಂಗೆ ಇದನ್ನು ಕೇಳಕ್ಕೆ?’ ಅಂದೆ. ಅವಳಿಗೆ ನಾಚಿಕೆಯಾಗಲಿಲ್ಲ. ಆಮೇಲೆ ಕೂಡ, ನಾನು ಫೋನು ಚಾರ್ಜಿಗೆ ಹಾಕಿ ಎದ್ದು ಹೋದಾಗ ಒಳಗಿನಿಂದ ಸಮಿತಿಯಮ್ಮನ ದನಿ ಕೇಳಿಸುತ್ತಿತ್ತು. ಅಕ್ಷರ ಬಾರದವಳು ಅದನ್ನು ಹುಡುಕಿ ಒತ್ತುವುದನ್ನು ಮಾತ್ರ ಕಲಿತಿದ್ದಳು. ಇಡೀ ಕೋರ್ಸಿನಲ್ಲಿ ನಮ್ಮ ಮನೆಯವರು ಕಲಿತ ನಿಜವಾದ ಪಾಠ ಅದೊಂದೇ ಇರಬೇಕು.

ಸೆಮಿಸ್ಟರು ಮುಗಿಯುತ್ತಾ ಬಂದಾಗ ಮೇಷ್ಟ್ರು ನಂಬಿಕೆ ಅನ್ನುವ ಅಧ್ಯಾಯ ತೆಗೆದರು. ಮುಖ ನೋಡಬೇಕಾಗಿಲ್ಲ ಅಂತ ಮೊದಲು ಹೇಳಿದವರೇ, ಸರಕು ಮಾಡುವವರನ್ನು ತೋರಿಸಿದರೆ ಗ್ರಾಹಕರು ಉಳಿಯುತ್ತಾರೆ ಅಂತ ಈಗ ಹೇಳಿದರು. ಪ್ರತಿ ಜೋಡಿಯೂ ಒಂದು ಪುಟ್ಟ ವಿಡಿಯೊ ಮಾಡಬೇಕು. ಗೆಳತಿ, ‘ನಮ್ಮನೇಲಿ ತೆಗಿಯಾಣ, ಹಳೇ ಮನೆ, ಕಂಬ ಗಿಂಬ ಚೆನ್ನಾಗದೆ. ನಿಮ್ಮವ್ವನ್ನ ಕರ್ಕೊಂಡ್ ಬಾ’ ಅಂದಳು.

ಅವ್ವ ಮದುವೆಯ ರೇಷ್ಮೆ ಸೀರೆ ಉಟ್ಟಳು. ತಲೆಗೆ ಎಣ್ಣೆ ಹಚ್ಚಿ ಬಾಚಿ, ದಾರಿಯಲ್ಲಿ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕನಕಾಂಬರ ಕೊಂಡು ಮುಡಿದಳು. ‘ಪೌಡ್ರು ಜಾಸ್ತಿ ಆಯ್ತಾ?’ ಅಂತ ಬಸ್ಸಿನಲ್ಲಿ ನನ್ನ ಫೋನಿನ ಕನ್ನಡಿಯಲ್ಲಿ ನೋಡಿಕೊಂಡಳು. ಅವಳು ಅಷ್ಟು ಚೆಂದ ಕಂಡದ್ದು ನನಗೆ ನೆನಪಿಲ್ಲ.

ಅಲ್ಲಿಗೆ ಹೋದರೆ ಗೆಳತಿಯ ಅಮ್ಮನೂ ರೇಷ್ಮೆ ಸೀರೆಯಲ್ಲಿ ನಿಂತಿದ್ದರು. ಕಾಫಿ ಕೊಟ್ಟರು, ತಮ್ಮ ಲೋಟಗಳಲ್ಲೇ ಕೊಟ್ಟರು. ಬಾಯಿ ತುಂಬ ಮಾತಾಡಿಸಿದರು. ಗೆಳತಿ ಎಲ್ಲವನ್ನೂ ಯೋಚಿಸಿ ಇಟ್ಟುಕೊಂಡಿದ್ದಳು. ಅವಳ ಅಮ್ಮ ಒಳಾಂಗಣದ ಕಂಬಗಳ ನಡುವೆ ಕೂತು ಕ್ಯಾಮೆರಾ ನೋಡಿ ನಗುವುದು, ಮೆಣಸಿನಕಾಯಿ ಆರಿಸುವುದು. ಅರೆಯುವುದು ಮಾತ್ರ ಅವರಿಗೆ ಬಾರದು, ಮಿಕ್ಸಿ ಬಂದ ಮೇಲೆ ಕಲ್ಲು ಮುಟ್ಟಿದವರಲ್ಲ. ‘ಅದುಕ್ಕೆ ಅಮ್ಮ, ನೀವು ಕೈ ಅಷ್ಟೇ’ ಅಂದಳು ನಮ್ಮವ್ವನಿಗೆ. ಇಬ್ಬರ ಕೈಯೂ ಒಬ್ಬರದೇ ಅನ್ನಿಸಬೇಕು ಅಂತ ಹಸಿರು ಗಾಜಿನ ಬಳೆ ತಂದು ಇಬ್ಬರಿಗೂ ಒಂದೇ ಥರದ್ದು ತೊಡಿಸಿದಳು.

ಅವ್ವನ ಕೈ ತಾನಾಗಿ ತಲೆಯ ಹೂವಿನ ಕಡೆ ಹೋಗಿ ಬಂತು. ‘ಆಯ್ತು ಬುಡವ್ವ’ ಅಂದಳು.

ಅರೆಯುವ ಕಲ್ಲು ಒಳಗೆ ಅಡುಗೆಮನೆಯಲ್ಲಿತ್ತು. ಅವ್ವ ಒಳಗೆ ಹೋಗುತ್ತಾಳೆ ಅಂತ ನಾನು ಅಂದುಕೊಂಡೆ. ಗೆಳತಿಯ ಅಜ್ಜಿ, ‘ಅಲ್ಲಿ ಬೆಳಕಿಲ್ಲ, ಇತ್ಲಿಗೆ ತಕ್ಕೊಂಡೋಗಿ’ ಅಂದರು. ಗೆಳತಿಯೂ ಅವಳ ಅಪ್ಪನೂ ಆ ಕಲ್ಲನ್ನು ಉಸಿರು ಬಿಡುತ್ತಾ ಹೊತ್ತು ಹಿತ್ತಲಿಗೆ ತಂದು ಹಾಕಿದರು. ಅವ್ವ ನೆಲದ ಮೇಲೆ ರೇಷ್ಮೆ ಸೀರೆಯಲ್ಲೇ ಕೂತು ಅರೆದಳು. ಗೆಳತಿ ಬಗ್ಗಿ ಕೈಗಳನ್ನು ಮಾತ್ರ ಹಿಡಿದಳು. ನಾನು ಸ್ವಲ್ಪ ದೂರದಲ್ಲಿ ನಿಂತು ನನ್ನ ಫೋನಿನಲ್ಲಿ ಇಡೀ ಅವ್ವನನ್ನು ತೆಗೆದುಕೊಂಡೆ. ಅರೆಯುವಾಗ ಅವಳು ನಮ್ಮನ್ನೆಲ್ಲ ಮರೆತಿದ್ದಳು.

ಮುಗಿದ ಮೇಲೆ ಅಜ್ಜಿ ಬಿಂದಿಗೆ ನೀರು ತಂದು ಕಲ್ಲು ತೊಳೆಯಲು ಕೂತರು. ನಾನು ನೋಡುತ್ತಿದ್ದದ್ದು ಕಂಡು, ‘ಖಾರ ಅಂಟಿರ್ತದಲ್ಲವ್ವ’ ಅಂದರು. ಸರಿ, ಖಾರ ಅರೆದ ಕಲ್ಲನ್ನು ಯಾರಾದರೂ ತೊಳೆಯುತ್ತಾರೆ. ಆದರೆ ಗುಂಡುಕಲ್ಲಿಗೆ ಎರಡು ತುದಿ ಇರುತ್ತವೆ, ಅರೆಯುವವರು ಹಿಡಿದುಕೊಳ್ಳುವ ಜಾಗ. ಅಲ್ಲಿಗೆ ಖಾರ ತಾಗುವುದಿಲ್ಲ. ಅಜ್ಜಿ ಹುಣಸೆಹಣ್ಣು ಬೂದಿ ಹಾಕಿ ಉಜ್ಜಿದ್ದು ಆ ಎರಡು ತುದಿಗಳನ್ನು. ಅವ್ವನೂ ನೋಡಿದಳು, ಬಳೆಗಳನ್ನು ಬಿಚ್ಚುತ್ತಾ ನೋಡಿದಳು. ಗೆಳತಿಯ ಅಮ್ಮ, ‘ಬಳೆ ನೀನೇ ಇಕ್ಕೊಳವ್ವ’ ಅಂದರು.

ಕಾಲೇಜಿನ ಸಭಾಂಗಣದಲ್ಲಿ ವಿಡಿಯೊ ತೋರಿಸಿದಾಗ ನಮ್ಮದಕ್ಕೆ ಬಿದ್ದಷ್ಟು ಚಪ್ಪಾಳೆ ಯಾರಿಗೂ ಬೀಳಲಿಲ್ಲ. ಕಂಬದ ನಡುವೆ ಪಟೇಲರ ಮನೆಯವರ ನಗುಮುಖ, ಆಮೇಲೆ ಕಲ್ಲಿನ ಮೇಲೆ ಓಡಾಡುವ ಕಪ್ಪು ಗಟ್ಟಿ ಕೈಗಳು, ಆಮೇಲೆ ಮತ್ತೆ ಮುಖ. ಮುಖ ಬೆಳ್ಳಗೆ, ಕೈ ಕಪ್ಪಗೆ. ಯಾರಿಗೂ ಅನುಮಾನ ಬರಲಿಲ್ಲ. ಪ್ರಾಂಶುಪಾಲರು ಗೆಳತಿಯ ಅಮ್ಮನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅವರು ಸಂಕೋಚದಲ್ಲೇ ಹೊದ್ದರು, ನನ್ನ ಕಡೆ ಒಮ್ಮೆ ನೋಡಿದರು, ಇಳಿದು ಹೋದರು.

ಮನೆಯಲ್ಲಿ ಅವ್ವನಿಗೆ ತೋರಿಸಿದೆ. ಅಪ್ಪ ಪಕ್ಕದಲ್ಲಿ ಊಟಕ್ಕೆ ಕೂತಿದ್ದವನು ಬಗ್ಗಿ ನೋಡಿ, ‘ಈ ಎಂಗ್ಸು ಯಾರು?’ ಅಂದ. ಅವ್ವ ನಗುತ್ತಾ, ‘ಮುಖ ಅವ್ರದು, ಕೈ ನಂದು. ನೋಡು, ನನ್ ಕೈ ಎಂಗ್ ಕಾಣ್ತವೆ!’ ಅಂದಳು. ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ. ಅವ್ವ ಅದನ್ನು ಗಮನಿಸದವಳ ಹಾಗೆ ತನ್ನ ಕೈಗಳನ್ನೇ ನೋಡುತ್ತಿದ್ದಳು. ನನಗೆ ತಡೆದುಕೊಳ್ಳಲು ಆಗಲಿಲ್ಲ.

ಪುಟದ ಪಾಸ್‌ವರ್ಡು ನನ್ನ ಹತ್ತಿರವೇ ಇತ್ತು. ‘ನಮ್ಮ ಬಗ್ಗೆ’ ಅನ್ನುವ ಜಾಗ ತೆಗೆದು ಆ ವಿಡಿಯೊ ಅಳಿಸಿ, ನಾನು ಹಿತ್ತಲಲ್ಲಿ ತೆಗೆದದ್ದನ್ನು ಹಾಕಿದೆ. ರೇಷ್ಮೆ ಸೀರೆ, ಕನಕಾಂಬರ, ನಮ್ಮವ್ವ. ಕೆಳಗೆ ಅವಳ ಹೆಸರು ಬರೆದೆ. ಊರು ಬರೆದೆ. ಮನೆ ಕೆರೆಯ ಈಚೆ ಅಂತ ಕೇಳುವ ಮೊದಲೇ ಬರೆದೆ. ಅಂಗಡಿಯ ಹೆಸರು ಬದಲಾಯಿಸಿ ಮತ್ತೆ ‘ಕೈಖಾರ’ ಮಾಡಿದೆ. ಹಳೆಯ ಗ್ರಾಹಕರಿಗೆಲ್ಲ ಅದರ ಕೊಂಡಿ ಕಳಿಸಿದೆ, ಸಮಿತಿಯಮ್ಮನ ಮಗಳಿಗೂ ಕಳಿಸಿದೆ. ನಾನು ಮಾಡಿದ್ದು ಸರಿ. ಈಗ ಮಂಡ್ಯದಲ್ಲಿ ಕೆಲಸದಲ್ಲಿದ್ದೇನೆ, ಇಷ್ಟು ವರ್ಷ ಕಳೆದಿದೆ, ಇವತ್ತಿಗೂ ಅದು ಸರಿಯೇ.

ಯಾರೂ ಬೈಯಲಿಲ್ಲ. ಬೈಗುಳಕ್ಕೆ ನಾನು ಸಿದ್ಧವಾಗಿದ್ದೆ, ಉತ್ತರಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಒಂದು ಕೆಟ್ಟ ಮಾತೂ ಬರಲಿಲ್ಲ. ಆರ್ಡರು ಬರಲಿಲ್ಲ, ಅಷ್ಟೇ. ಇಬ್ಬರು ಮಾತ್ರ, ‘ಡಾಕ್ಟ್ರು ಖಾರ ಬೇಡ ಅಂದವ್ರೆ’ ಅಂತ ಬರೆದರು. ಒಂದೇ ವಾರದಲ್ಲಿ ಜಿಲ್ಲೆಯ ಹೊಟ್ಟೆಗಳೆಲ್ಲ ಕೆಟ್ಟಿದ್ದವು.

ಗೆಳತಿ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದಳು. ಕಣ್ಣಲ್ಲಿ ನೀರಿತ್ತು. ‘ಎಲ್ಲಾ ಚೆನ್ನಾಗಿತ್ತಲ್ಲೇ. ನಮ್ಮಮ್ಮನ ಮರ್ವಾದೆ ಏನಾಯ್ತು? ಶಾಲು ಹೊದಿಸ್ಕೊಂಡ್ ಬಂದವ್ರೆ. ನಾನು ನಿನ್ ಡಬ್ಬೀಲಿ ತಿಂದಿಲ್ವಾ? ನಾನ್ ಯಾವತ್ತಾದ್ರೂ ಹಂಗೆ ನೋಡಿದ್ದೀನಾ?’ ಅಂದಳು. ನೋಡಿರಲಿಲ್ಲ. ಅದನ್ನೇ ಹೇಳಿದೆ. ‘ನೀನ್ ತಿಂದೆ ಕಣೆ. ತಿಂದು ನಿನ್ ಹೆಸರು ಬರ್ಕೊಂಡೆ.’ ಅವಳು ಕೈ ಬಿಟ್ಟಳು. ಮಿಕ್ಕ ವರ್ಷವೆಲ್ಲ ಬೇರೆ ಬೆಂಚಿನಲ್ಲಿ ಕೂತಳು. ಮೇಷ್ಟ್ರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ‘ನೀನು ಮಾಡಿದ್ದು ತಪ್ಪು ಅನ್ನೋಕಾಗಲ್ಲಮ್ಮ. ಆದರೆ ಬ್ರ್ಯಾಂಡು ಹಾಳಾಯ್ತಲ್ಲ’ ಅಂದರು. ಅಂಕವೇನೂ ಕಡಿಮೆ ಮಾಡಲಿಲ್ಲ.

ಅವ್ವನಿಗೆ ನಾನು ಹೇಳಿರಲಿಲ್ಲ. ಅವಳು ಸುಟ್ಟ ಮೆಣಸಿನಕಾಯಿಯನ್ನು ಮೊರದಲ್ಲಿ ಇಟ್ಟುಕೊಂಡು ‘ಯಾಕೆ ಯಾರೂ ಕೇಳ್ತಾ ಇಲ್ಲ?’ ಅನ್ನುತ್ತಿದ್ದಳು. ನಾನು ಪರೀಕ್ಷೆ ಹತ್ತಿರ ಬಂತು, ಪ್ರಾಜೆಕ್ಟು ಮುಗಿಯಿತು ಅಂತ ಏನೇನೋ ಹೇಳುತ್ತಿದ್ದೆ.

ಒಂದು ಬೆಳಿಗ್ಗೆ ಅವ್ವ ರಂಗೋಲಿ ಹಾಕಲು ಬಾಗಿಲು ತೆಗೆದಾಗ ನಮ್ಮ ಕಾಂಪೌಂಡಿನ ಗೋಡೆಯ ಮೇಲೆ ಒಂದು ಪ್ಲಾಸ್ಟಿಕ್ ಕವರು ಇತ್ತು. ಒಳಗೆ ನಮ್ಮದೇ ಡಬ್ಬಿ, ಎರಡನೇ ಸಲ ಸಮಿತಿಯಮ್ಮನಿಗೆ ಕಳಿಸಿದ್ದು. ಚೀಟಿ ಇಲ್ಲ, ಮಾತಿಲ್ಲ. ಯಾರು ತಂದು ಇಟ್ಟರೋ ಕಾಣಲಿಲ್ಲ. ಸರಕು ಹಿಂದಿರುಗಿಸುವ ನಿಯಮಗಳ ಬಗ್ಗೆ ನಾನು ಪರೀಕ್ಷೆಗೆ ಒಂದು ಪುಟ ಬಾಯಿಪಾಠ ಮಾಡಿದ್ದೆ, ಇಂಥದ್ದು ಅದರಲ್ಲಿ ಇರಲಿಲ್ಲ.

ಅವ್ವ ಡಬ್ಬಿ ಹಿಡಿದುಕೊಂಡು ಒಳಗೆ ಬಂದಳು. ‘ಏನಿದು?’ ಅಂದಳು. ಆಗ ನಾನು ಎಲ್ಲ ಹೇಳಿದೆ. ಫೋನು ತೆಗೆದು ಅವಳ ಮುಖ, ಅವಳ ಹೆಸರು, ಕೆರೆಯ ಈಚೆ ಅನ್ನುವುದನ್ನು ತೋರಿಸಿದೆ. ಅವಳಿಗೆ ಹೆಮ್ಮೆಯಾಗುತ್ತದೆ ಅಂತ ನಾನು ಆಗಲೂ ಅಂದುಕೊಂಡಿದ್ದೆ. ಅವಳು ತನ್ನ ಮುಖವನ್ನು ನೋಡಿದಳು, ಬಹಳ ಹೊತ್ತು ನೋಡಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಬಾಗಿಲ ಬೆಳಕಿಗೆ ಹಿಡಿದಳು. ತಳದಲ್ಲಿ ಒಂದಿಷ್ಟು ಉಳಿದಿತ್ತು, ಮಿಕ್ಕಿದ್ದೆಲ್ಲ ತಿಂದಾಗಿತ್ತು. ಬೆರಳಿನಿಂದ ಬಳಿದ ಗುರುತು ಸುತ್ತಲೂ ಕಾಣುತ್ತಿತ್ತು.

‘ನೋಡವ್ವ ಅವರ ಯೋಗ್ಯತೆ’ ಅಂದೆ. ‘ಅಷ್ಟು ನೆಕ್ಕಿ ನೆಕ್ಕಿ ತಿಂದು, ಇವತ್ತು ತಂದು ಗೋಡೆ ಮೇಲೆ ಇಟ್ಟವ್ರೆ.’

ಅವ್ವ ನನ್ನ ಕಡೆ ತಿರುಗಿದಳು. ಅವಳು ನನ್ನನ್ನು ಹಾಗೆ ಯಾವತ್ತೂ ನೋಡಿರಲಿಲ್ಲ. ಕೆರೆಯ ಆಚೆಯವರನ್ನು ಕೂಡ ಹಾಗೆ ನೋಡಿರಲಿಲ್ಲ.

‘ನೀನು ಆ ಪಟ ಆಕ್ದೆ ಇದ್ದಿದ್ರೆ ಇದನ್ನೂ ತಿಂತಿದ್ಲು’ ಅಂದಳು.